ಆಟದ ಕಂಪನಿಗೆ ಹೋದ ಸೂತಕದ ಕಾರ್ಡು

ಹಿಮಿ ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಆಯುಸ್ಸೆಲ್ಲ ದುಡಿದ ತೊಕುಜಿ ಯಾರ ಹಂಗನ್ನೂ ಇಟ್ಟುಕೊಂಡವನಲ್ಲ. ಪಕ್ಕದ ಮನೆಯವರು ಬೆಳಿಗ್ಗೆ ಒಂದು ಮೂಲಂಗಿ ಕೊಟ್ಟರೆ ಸಂಜೆಯೊಳಗೆ ಅವರ ಬಾಗಿಲಿಗೆ ಮೀನು ಹೋಗಬೇಕು. ಯಾರಾದರೂ ದಾರಿಯಲ್ಲಿ ತಲೆ ಬಾಗಿಸಿದರೆ ಇವನು ಅವರಿಗಿಂತ ಒಂದು ಗೇಣು ಹೆಚ್ಚಾಗಿಯೇ ಬಾಗಿಸಬೇಕು. ಇಂಥ ಮನುಷ್ಯನ ಹೆಂಡತಿ ಕಿನುಯೊ ಆ ವರ್ಷ ವಸಂತದಲ್ಲಿ ತೀರಿಕೊಂಡಳು.

ವರ್ಷದ ಕೊನೆ ಬಂತು. ಸಾವಾದ ಮನೆಯವರು ಹೊಸ ವರ್ಷದ ಶುಭಾಶಯ ಕಳಿಸುವಂತಿಲ್ಲ, ಪಡೆಯುವಂತಿಲ್ಲ. ಹಾಗೆಂದು ಎಲ್ಲರಿಗೂ ಮುಂಚಿತವಾಗಿಯೇ ಸೂತಕದ ಕಾರ್ಡು ಹಾಕಿ ತಿಳಿಸಬೇಕು. ನಮ್ಮ ಪಂಥದಲ್ಲಿ ಸಾವಿಗೆ ಮೈಲಿಗೆಯೇ ಇಲ್ಲ, ಹೋದವರು ಅಮಿದ ಬುದ್ಧನ ನಾಡಿನಲ್ಲಿ ಹುಟ್ಟುತ್ತಾರೆ ಎಂದು ಗುಡಿಯ ಗುರುಗಳು ಹೇಳುತ್ತಾರೆ. ತೊಕುಜಿ ಅದನ್ನು ನಂಬಿದವನೇ. ಆದರೂ ಕಾರ್ಡು ಹಾಕದಿದ್ದರೆ ಊರು ಏನಂದೀತು? ಬೂದು ಅಂಚಿನ ಕಾರ್ಡುಗಳನ್ನು ಅಚ್ಚು ಹಾಕಿಸಿ ತಂದು, ಗಿಡ್ಡ ಮೇಜಿನ ಮುಂದೆ ಕುಳಿತು, ಅವಳಿಗೆ ಹಿಂದಿನ ವರ್ಷ ಶುಭಾಶಯ ಹೇಳಿದವರನ್ನೆಲ್ಲ ನೆನಪು ಮಾಡಿಕೊಂಡು ವಿಳಾಸ ಬರೆದ.

ಬರೆಯುತ್ತ ಬರೆಯುತ್ತ, ಕಿನುಯೊ ಟೀವಿಯಲ್ಲಿ ಆಡುತ್ತಿದ್ದ ಆಟದ ಕಂಪನಿಯ ನೆನಪಾಯಿತು. ಹಿಂದಿನ ಹೊಸ ವರ್ಷದ ಬೆಳಿಗ್ಗೆ ಟೀವಿಯ ಪರದೆಯ ಮೇಲೆ, "ಕಿನುಯೊ ಅವರೆ, ಈ ವರ್ಷವೂ ನಿಮ್ಮ ಹಳ್ಳಿ ಹಸನಾಗಿರಲಿ" ಎಂದು ಬಂದಿತ್ತು. ಅವಳು ನಗುತ್ತ ಟೀವಿಗೇ ಕೈಮುಗಿದಿದ್ದಳು. ಅವರೂ ಹೆಸರು ಹಿಡಿದು ಹರಸಿದವರೇ ಅಲ್ಲವೆ? ಈ ಸಲ ಮತ್ತೆ ಹರಸಿ, ಸಾವಾದ ಮನೆಗೆ ಹೀಗೆ ಮಾಡಿದೆವಲ್ಲ ಎಂದು ಅವರು ಮುಜುಗರ ಪಡಬಾರದು. ಆಟದ ಯಂತ್ರ ಬಂದ ರಟ್ಟಿನ ಪೆಟ್ಟಿಗೆಯ ಬೆನ್ನಿನಿಂದ ವಿಳಾಸ ನೋಡಿ ಬರೆದು, ಅದನ್ನೂ ಮಿಕ್ಕವುಗಳ ಜೊತೆ ಅಂಚೆಗೆ ಹಾಕಿ ಬಂದ.

ಆ ಯಂತ್ರವನ್ನು ತಂದವಳು ಕಿನುಯೊಳ ತಂಗಿ ಫುಸಾ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಕಿನುಯೊಳ ಎಡಗೈ ಬೆರಳುಗಳು ಮರಗಟ್ಟಿದ್ದಾಗ, ಗುಂಡಿ ಒತ್ತುತ್ತ ಕೂತರೆ ಬೆರಳು ಸಡಿಲವಾಗುತ್ತವೆ ಎಂದು ಯಾರೋ ಹೇಳಿದ್ದರಂತೆ. "ಎಪ್ಪತ್ತು ದಾಟಿದ ಮುದುಕಿಗೆ ಮಕ್ಕಳಾಟಿಕೆ" ಎಂದು ತೊಕುಜಿ ಗೊಣಗಿದ್ದ. "ನಿಮ್ಮ ಪಾಡಿಗೆ ನೀವು ಗೊಣಗ್ತಿರಿ, ನನ್ನ ಪಾಡಿಗೆ ನಾನು ಬಿತ್ತನೆ ಮಾಡ್ತೀನಿ" ಎಂದಿದ್ದಳು ಅವಳು. ಆಟ ಬೇರೇನೂ ಅಲ್ಲ, ಕಡಲ ದಂಡೆಯಲ್ಲಿ ಒಂದು ಹಳ್ಳಿ ಕಟ್ಟುವುದು. ಹೊಲ ಉಳಬೇಕು, ಗಿಡ ನೆಡಬೇಕು. ಎಲ್ಲೆಲ್ಲಿಯೋ ಇರುವ ಬೇರೆ ಆಟಗಾರರು ದೋಣಿಯಲ್ಲಿ ಬಂದು ಹೋಗುತ್ತಾರೆ. ಹಳ್ಳಿ ಮನೆಯ ಯಂತ್ರದಲ್ಲಿ ಇರುವುದಿಲ್ಲ, ದೂರದಲ್ಲೆಲ್ಲೋ ಕಂಪನಿಯವರ ಹತ್ತಿರ ಇರುತ್ತದೆ.

ಕಿನುಯೊ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಕರ್ಮ ಮುಗಿದು ನೆಂಟರು ಚದುರಿದ ಮೇಲೆ, ಮನೆಯಲ್ಲಿ ಗಡಿಯಾರದ ಸದ್ದು ದೊಡ್ಡದಾಗಿ ಕೇಳತೊಡಗಿತು. ಒಂದು ಮಧ್ಯಾಹ್ನ ತೊಕುಜಿ ಯಂತ್ರವನ್ನು ಹಚ್ಚಿ ನೋಡಿದ. ಆಟದಲ್ಲಿ ಕಿನುಯೊ ಆಗಿದ್ದ, ಹುಲ್ಲಿನ ಟೋಪಿಯ ಒಂದು ಪುಟ್ಟ ಹೆಂಗಸು ಮನೆಯ ಮುಂದೆ ನಿಂತಿದ್ದಳು. ಸುತ್ತ ಮೊಣಕಾಲುದ್ದ ಕಳೆ. ಯಾವ ಗುಂಡಿ ಯಾವುದಕ್ಕೆಂದು ತಿಳಿಯದೆ, ಆ ದಿನ ಅವನು ಕಿತ್ತದ್ದು ಅರ್ಧ ಕಳೆ, ಅರ್ಧ ಹುರುಳಿ. ಹೊಲದ ನಡುವೆ ಒಂದು ಬೆರ್ಚಪ್ಪ ಇತ್ತು. ಅದಕ್ಕೆ ನೀಲಿ ಅಂಗಿ, ರಬ್ಬರ್ ಬೂಟು, ಸೊಟ್ಟ ಮೂತಿ. ಹತ್ತಿರ ಹೋದರೆ, "ಇವರು ನಮ್ಮ ಯಜಮಾನರು. ಗದರುತ್ತಾರೆ, ಕಚ್ಚುವುದಿಲ್ಲ" ಎಂಬ ಬರಹ ಮೇಲೆದ್ದಿತು. ಮಂಜುಗಡ್ಡೆ ಕಾರ್ಖಾನೆಯಲ್ಲಿ ಅವನು ತೊಡುತ್ತಿದ್ದದ್ದು ಅದೇ ನೀಲಿ ಅಂಗಿ. ತೊಕುಜಿ ಬಹಳ ಹೊತ್ತು ಅದರ ಮುಂದೆಯೇ ಆ ಪುಟ್ಟ ಹೆಂಗಸನ್ನು ನಿಲ್ಲಿಸಿಕೊಂಡಿದ್ದ.

ಅಂದಿನಿಂದ ದಿನವೂ ಹೋಗುವ ರೂಢಿಯಾಯಿತು. ಬೆಳಿಗ್ಗೆ ಬುದ್ಧನ ಮುಂದೆ ಅನ್ನವಿಟ್ಟು ಸೂತ್ರಪಾಠ ಓದುವುದು, ಮಧ್ಯಾಹ್ನ ಹಳ್ಳಿಯಲ್ಲಿ ಕಳೆ ತೆಗೆಯುವುದು. ಅಲ್ಲಿಗೆ ಆಗಾಗ ದೋಣಿಯಲ್ಲಿ ಒಬ್ಬ ಬರುತ್ತಿದ್ದ. ಆಟದಲ್ಲಿ ಅವನ ಹೆಸರು ಏಡಿ. ಕೆಂಪು ಕುಪ್ಪಸ ತೊಟ್ಟು ಅಡ್ಡಡ್ಡ ನಡೆಯುವುದು ಅವನ ತಮಾಷೆ. ಬಂದವನೇ ಬೆರ್ಚಪ್ಪನಿಗೆ ಒಂದು ಗುದ್ದು ಕೊಟ್ಟು, ಪರದೆಯ ಅಡಿಯಲ್ಲಿ ಮಾತು ಬರೆಯುತ್ತಿದ್ದ.

"ಏನ್ ಕಿನಕ್ಕ, ಮಾತೇ ನಿಲ್ಲಿಸಿಬಿಟ್ಯಲ್ಲ! ಯಜಮಾನನ ಗಾಳಿ ಬಡೀತಾ?"

ತೊಕುಜಿಗೆ ಯಂತ್ರದಲ್ಲಿ ಅಕ್ಷರ ಬರೆಯಲು ಬರುತ್ತಿರಲಿಲ್ಲ. ಕೈ ಬೀಸುವುದಕ್ಕೆ ಒಂದು ಗುಂಡಿ ಇತ್ತು, ಅದನ್ನು ಒತ್ತಿದ.

"ಕೈ ಇನ್ನೂ ನೋವಾ? ಬರೀಬೇಡ ಬಿಡು. ಬೀಸಿದ್ಯಲ್ಲ, ಅಷ್ಟೇ ಸಾಕು."

ಹೀಗೆ ತಿಂಗಳುಗಳು ಹೋದವು. ತಾನು ಕಿನುಯೊ ಎಂದು ತೊಕುಜಿ ಎಂದೂ ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ಕೈ ಬೀಸುವುದು ಸುಳ್ಳು ಹೇಳಿದಂತೆ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಯಾರೋ ಒಬ್ಬರು ಅವಳನ್ನು ಇನ್ನೂ ಇದ್ದಾಳೆಂಬಂತೆ ಮಾತಾಡಿಸುವುದು ಮನಸ್ಸಿಗೆ ಹಿತವಾಗಿತ್ತು.

ಸೂತಕದ ಕಾರ್ಡಿಗೆ ಕಂಪನಿಯಿಂದ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಗ್ರಾಹಕರ ಅಗಲಿಕೆಗೆ ಮನಸಾರೆ ಮರುಗುತ್ತೇವೆ ಎಂದಿತ್ತು. ಅದರ ಕೆಳಗೆ, ಸೇವೆಯ ಷರತ್ತುಗಳಂತೆ ಖಾತೆಯ ಹಕ್ಕು ಖಾತೆದಾರರ ಮರಣದೊಂದಿಗೆ ಮುಗಿಯುವುದರಿಂದ ಈ ತಿಂಗಳ ಇಪ್ಪತ್ತರ ನಡುಹಗಲಿಗೆ ಖಾತೆಯನ್ನೂ ಅದರಲ್ಲಿರುವುದೆಲ್ಲವನ್ನೂ ಅಳಿಸಲಾಗುವುದು ಎಂದಿತ್ತು.

ತೊಕುಜಿ ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ಆ ಷರತ್ತುಗಳನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದ. ಚಹಾ ಆರಿತು, ಮತ್ತೆ ಕಾಸಿದ, ಅದೂ ಆರಿತು. ಖಾತೆಯನ್ನು ಮಾರಬಾರದು, ಕೊಡಬಾರದು, ಇನ್ನೊಬ್ಬರ ಕೈಗೆ ಬಿಡಬಾರದು, ವಾರಸುದಾರರಿಗೆ ಬಿಟ್ಟು ಹೋಗಬಾರದು. ಕೊನೆಯಲ್ಲಿ 'ಒಪ್ಪಿದ್ದೇನೆ' ಎಂಬ ಜಾಗ. ಅದನ್ನು ಕಿನುಯೊ ಮರಗಟ್ಟಿದ ಬೆರಳಿನಿಂದ ಒತ್ತಿದ್ದಳು. ಒಂದು ಸಾಲನ್ನಾದರೂ ಓದಿದ್ದಳೋ ಇಲ್ಲವೋ. ಇಷ್ಟು ತಿಂಗಳು ತಾನು ಮಾಡಿದ್ದೂ ತಪ್ಪೇ ಎಂದು ಅವನಿಗೆ ಆಗ ತಿಳಿಯಿತು.

ಫುಸಾ ಸುದ್ದಿ ಕೇಳಿ, ಏಪ್ರನ್ ಕೂಡ ಬಿಚ್ಚದೆ ಓಡಿ ಬಂದಳು.

"ಭಾವ, ನಿಮಗೇನು ತಲೆ ಕೆಟ್ಟಿದೆಯಾ? ಆಟದ ಕಂಪನಿಗೆ ಯಾರಾದ್ರೂ ಸೂತಕದ ಕಾರ್ಡು ಹಾಕ್ತಾರಾ? ನಾಳೆ ಕರೆಂಟ್ ಆಫೀಸಿಗೂ ಹಾಕ್ತೀರೇನೋ!"

"ಅವಳ ಹೆಸರು ಹಿಡಿದು ಹರಸಿದ್ರು ಕಣೆ."

"ಯಂತ್ರ ಹರಸಿದ್ದು! ಲಕ್ಷ ಜನಕ್ಕೆ ಹಾಗೇ ಹರಸ್ತದೆ. ಸುಮ್ಮನಿದ್ದಿದ್ರೆ ಅವರಿಗೆ ಗೊತ್ತೇ ಆಗ್ತಿರಲಿಲ್ಲ. ನಾನು ವರ್ಷವರ್ಷ ದುಡ್ಡು ಕಟ್ತಿದ್ದೆ, ಅಕ್ಕನ ಹಳ್ಳಿ ಇರ್ತಿತ್ತು. ಫೋನ್ ಮಾಡಿ. ಈಗಲೇ ಮಾಡಿ, ನನ್ನೆದುರಿಗೇ."

ಫೋನಿನಲ್ಲಿ ಸಿಕ್ಕವಳು ಚಿಕ್ಕ ದನಿಯ ಹುಡುಗಿ. ತೊಕುಜಿ ಫೋನಿಗೇ ತಲೆ ಬಾಗಿಸಿ ಮಾತಾಡಿದ. ಹಳ್ಳಿಯನ್ನು ತನ್ನ ಹೆಸರಿಗೆ ಮಾಡಿಕೊಡಬಹುದೆ ಎಂದು ಕೇಳಿದ. ಆಗುವುದಿಲ್ಲವಂತೆ. ಬೇರೆ ದಾರಿ?

"ಷರತ್ತಿನಲ್ಲಿ ಇಲ್ಲ, ಕ್ಷಮಿಸಬೇಕು," ಎಂದಳು ಹುಡುಗಿ. ಆಮೇಲೆ ದನಿ ತಗ್ಗಿಸಿ, "ಒಂದ್ ವಿಷಯ ಕೇಳ್ತೀನಿ. ಒಂದೊಂದ್ಸಲ ಇಂಥ ಕಾರ್ಡು ತಪ್ಪಾಗಿ ಬಂದುಬಿಡುತ್ತೆ. ಹೆಸರು ಅದಲುಬದಲಾಗಿರುತ್ತೆ. ಮನೆಯವರು ತಪ್ಪಾಯ್ತು ಅಂದ್ರೆ ನಾವು ಖಾತೆ ಹಾಗೇ ಬಿಡ್ತೀವಿ. ತಮ್ಮ ಕಾರ್ಡೂ... ಹಾಗೇನಾದ್ರೂ?" ಎಂದಳು.

ಫುಸಾ ಕಿವಿಯನ್ನು ಫೋನಿಗೆ ಅಂಟಿಸಿಕೊಂಡು ಕುಳಿತಿದ್ದಳು. ಅವನ ತೋಳು ಹಿಡಿದು ಅಲ್ಲಾಡಿಸಿದಳು. "ಹೂಂ ಅನ್ನಿ, ಭಾವ. ಒಂದೇ ಒಂದು ಹೂಂ. ಆ ಮಗು ತಾನಾಗಿ ದಾರಿ ತೋರಿಸ್ತಿದೆ."

ಹೂಂ ಎಂದರೆ ಹಳ್ಳಿ ಉಳಿಯುತ್ತಿತ್ತು. ಅವಳ ಹೊಲ ಉಳಿಯುತ್ತಿತ್ತು, ಟೋಪಿ ಹಾಕಿಕೊಂಡು ಅವಳು ನಿಂತೇ ಇರುತ್ತಿದ್ದಳು. ತೊಕುಜಿಯ ನಾಲಿಗೆಯ ತುದಿಗೆ ಬಂತು. ಎದುರಿಗೆ ಬಾಗಿಲು ತೆರೆದಿದ್ದ ಬುದ್ಧನ ಗೂಡಿನಲ್ಲಿ ಬೆಳಗಿನ ಅನ್ನ ಇನ್ನೂ ಹಾಗೇ ಇತ್ತು. ಅವಳು ಅಮಿದ ಬುದ್ಧನ ನಾಡಿನಲ್ಲಿ ಹುಟ್ಟಿದ್ದಾಳೆಂದು ಪ್ರತಿದಿನ ಅವನ ನಾಮ ಹೇಳುವ ಬಾಯಿಂದಲೇ, ಇಲ್ಲ, ಅವಳು ಎಲ್ಲಿಗೂ ಹೋಗಿಲ್ಲ ಎಂದು ಹೇಳಬೇಕಿತ್ತು.

"ಕಾರ್ಡಿನಲ್ಲಿ ತಪ್ಪಿಲ್ಲ, ತಾಯಿ," ಎಂದ. "ನನ್ನ ಹೆಂಡತಿ ತೀರಿಕೊಂಡಳು."

ಅಚ್ಚಿನವನಿಗೆ ಬರೆದು ಕೊಟ್ಟಿದ್ದ, ಗುರುಗಳು ಹೇಳುವಾಗ ತಲೆಯಾಡಿಸಿದ್ದ. ತನ್ನ ಬಾಯಿಂದ ಆ ಮಾತು ಹೊರಟದ್ದು ಅದೇ ಮೊದಲು. ಆ ಕಡೆ ಹುಡುಗಿ ಏನೋ ಸಂತಾಪ ಹೇಳಿದಳು. ಅದು ಬರೆದಿಟ್ಟುಕೊಂಡು ಓದಿದ ಮಾತಿನಂತೆ ಇರಲಿಲ್ಲ.

ಫುಸಾ ಎದ್ದು ನಿಂತಳು. "ನಿಮ್ಮ ನಿಯತ್ತನ್ನ ಉಪ್ಪು ಹಾಕ್ಕೊಂಡು ನೆಕ್ಕಿ. ಅಕ್ಕ ಅದರಲ್ಲಿ ಎರಡು ವರ್ಷ ಬದುಕಿದ್ಲು. ಅಷ್ಟೂ ದಿನ ನೀವು ಬೆನ್ನು ತಿರುಗಿಸಿ ಪೇಪರ್ ಓದ್ತಿದ್ರಿ." ಬಾಗಿಲನ್ನು ಜೋರಾಗಿ ಸರಿಸಿಕೊಂಡು ಹೋದಳು. ಅವಳು ಹೇಳಿದ್ದು ನಿಜವೇ ಆದುದರಿಂದ ತೊಕುಜಿ ಸಿಟ್ಟಾಗಲಿಲ್ಲ.

ಇಪ್ಪತ್ತನೆಯ ತಾರೀಖು ಬೆಳಿಗ್ಗೆಯೇ ಕಡಲ ಮೇಲೆ ಗುಡುಗು ಹೊರಳುತ್ತಿತ್ತು. ಚಳಿಗಾಲದ ಆ ಗುಡುಗಿನ ಹಿಂದೆಯೇ ಬುರಿ ಮೀನು ಬರುತ್ತದೆಂದು ಬಂದರಿನವರೆಲ್ಲ ಹಿಗ್ಗುವ ದಿನ. ತೊಕುಜಿ ಪಾಠ ಮುಗಿಸಿ ಹಳ್ಳಿಗೆ ಹೋದ. ಹೊಲದಲ್ಲಿ ಒಂದು ಕಳೆಯೂ ಬಿಡದಂತೆ ಕಿತ್ತ. ಇನ್ನು ಸ್ವಲ್ಪ ಹೊತ್ತಿಗೆ ಅಳಿದುಹೋಗುವ ಹೊಲ ಅದು ಎಂದು ಗೊತ್ತಿದ್ದೂ ಗಿಡಗಳಿಗೆ ನೀರು ಹಾಕಿದ. ಕೆಲಸ ಮುಗಿದಾಗ, ಪುಟ್ಟ ಹೆಂಗಸನ್ನು ದಂಡೆಯಲ್ಲಿ ಕಡಲಿಗೆ ಮುಖ ಮಾಡಿ ಕೂರಿಸಿದ.

ದೋಣಿ ಬಂತು. ಏಡಿ ಅಡ್ಡಡ್ಡ ಇಳಿದು ಬಂದ.

"ಕಿನಕ್ಕ! ಊಟಕ್ಕೆ ಬಿಟ್ಟಿದ್ರು, ಹಾಗೇ ಓಡಿಬಂದೆ. ಇದೇನು, ಹೊಲ ಇಷ್ಟು ಚೊಕ್ಕ? ಯಾರಾದ್ರೂ ಹೆಣ್ಣು ನೋಡೋಕೆ ಬರ್ತಾರಾ?"

ಕಂಪನಿಗೆ ಕಾರ್ಡು ಹಾಕಿ ತಿಳಿಸಿದವನು, ಇವನಿಗೆ ಮಾತ್ರ ತಿಳಿಸಿರಲಿಲ್ಲ. ತೊಕುಜಿ ಕೈ ಬೀಸುವ ಗುಂಡಿಯನ್ನು ಒತ್ತಲಿಲ್ಲ. ಅಕ್ಷರಗಳ ಹಲಗೆಯನ್ನು ತೆರೆದ. ಒಂದೊಂದು ಅಕ್ಷರದ ಮೇಲೂ ಹೋಗಿ ನಿಲ್ಲಬೇಕು, ಒತ್ತಬೇಕು, ತಪ್ಪಿದರೆ ಅಳಿಸಬೇಕು.

"ಓಹೋ, ಕೈ ವಾಸಿಯಾಯ್ತು! ಬರಿ ಬರಿ, ಕಾಯ್ತೀನಿ," ಎಂದ ಏಡಿ, ದಂಡೆಯಲ್ಲಿ ಪಕ್ಕಕ್ಕೆ ಕೂತುಕೊಂಡ.

"ಕಿನುಯೊ ಈ ವಸಂತದಲ್ಲಿ ತೀರಿಕೊಂಡಳು. ನಾನು ಅವಳ ಗಂಡ. ತಿಳಿಸದೆ ಇದ್ದದ್ದಕ್ಕೆ ಕ್ಷಮಿಸಬೇಕು. ಈ ಹಳ್ಳಿ ಇವತ್ತು ನಡುಹಗಲಿಗೆ ಮುಗಿಯುತ್ತದೆ."

ಇಷ್ಟು ಬರೆಯುವುದರೊಳಗೆ ಅವನ ಕತ್ತು ಬೆವೆತಿತ್ತು. ಏಡಿ ಅಲ್ಲಾಡಲಿಲ್ಲ. ಎದ್ದು ಹೋದನೋ, ಯಂತ್ರದ ಮುಂದೆ ಕೂತೇ ಇದ್ದಾನೋ ಗೊತ್ತಾಗುವಂತಿರಲಿಲ್ಲ. ಆಮೇಲೆ ಅವನು ಎದ್ದು, ಕೆಂಪು ಕುಪ್ಪಸ ತೆಗೆದು ಕಪ್ಪು ಬಟ್ಟೆ ತೊಟ್ಟ. ನೆಟ್ಟಗೆ ನಿಂತು ತಲೆ ಬಾಗಿಸಿದ. ಅವನು ಅಡ್ಡಡ್ಡ ನಿಲ್ಲದೆ ಇದ್ದದ್ದನ್ನು ತೊಕುಜಿ ಅದೇ ಮೊದಲ ಸಲ ಕಂಡದ್ದು.

"ನಮ್ಮಮ್ಮ ತೀರ್ಕೊಂಡ ವರ್ಷ, ಕಿನಕ್ಕ ದಿನಾ ಬಂದು ನನ್ನ ಪಕ್ಕ ಕೂತ್ಕೊಳ್ತಿದ್ಲು," ಎಂದು ಬಂತು. ಮತ್ತೆ, "ನಾನು ಒಂದು ಸಾರಿ ಬಂದು ಊದುಬತ್ತಿ ಹಚ್ಚಬೇಕು. ಎಲ್ಲಿದೀರ ನೀವು? ವಿಳಾಸ ಕೊಡಿ. ಬೇಗ ಕೊಡಿ."

ತೊಕುಜಿ ಬರೆಯತೊಡಗಿದ. ತೊಯಾಮಾ ಪ್ರಾಂತ. ಹಿಮಿ ಪಟ್ಟಣ. ಅವಸರಕ್ಕೆ ಒಂದು ಅಕ್ಷರ ತಪ್ಪಿತು, ಅಳಿಸಿದ. ಮತ್ತೆ ತಪ್ಪಿತು. ಬರೆದಷ್ಟನ್ನು ಮೊದಲು ಕಳಿಸಿಬಿಡೋಣವೆಂದು ಗುಂಡಿಯನ್ನು ಹುಡುಕುವಾಗ ಬಂದರಿನ ಸೈರನ್ ನಡುಹಗಲನ್ನು ಸಾರಿತು. ಪರದೆ ಬೆಳ್ಳಗಾಯಿತು. 'ಇಷ್ಟು ಕಾಲ ನಮ್ಮ ಸೇವೆಯನ್ನು ಬಳಸಿದ್ದಕ್ಕೆ ಕೃತಜ್ಞತೆಗಳು' ಎಂಬ ಸಾಲು ಬಂತು. ಆಮೇಲೆ ಅದೂ ಹೋಯಿತು.

ಏಡಿಯ ನಿಜವಾದ ಹೆಸರೇನು, ಗಂಡಸೋ ಹೆಂಗಸೋ, ಯಾವ ಊರು, ತೊಕುಜಿಗೆ ಏನೂ ಗೊತ್ತಿರಲಿಲ್ಲ. ಹೊಸದಾಗಿ ತನ್ನ ಹೆಸರಿನಲ್ಲಿ ಆಟಕ್ಕೆ ಸೇರಿಕೊಂಡರೂ ಅಷ್ಟೊಂದು ಹಳ್ಳಿಗಳಲ್ಲಿ ಏಡಿಯದು ಯಾವುದೆಂದು ಹೋಗಿ ಕೇಳುವುದು? ತೊಕುಜಿ ಆಟದ ಗುಂಡಿಗಳಿದ್ದ ಹಿಡಿಯನ್ನು ಕೆಳಗಿಡಲಿಲ್ಲ. ಕಪ್ಪಗಾದ ಟೀವಿಯ ಮುಂದೆ ಮಂಡಿಯೂರಿ ಕುಳಿತು, ಎದುರಿಗಿದ್ದವರು ಬರೆದುಕೊಳ್ಳುತ್ತಿದ್ದಾರೆ ಎಂಬಂತೆ, ತಡೆದು ತಡೆದು ಉಳಿದದ್ದನ್ನು ಹೇಳಿದ.

"ಬಂದರಿನ ಕಡೆಯಿಂದ ಬಂದರೆ ಮೂರನೇ ಓಣಿ. ಹಳೇ ಮಂಜುಗಡ್ಡೆ ಕಾರ್ಖಾನೆ ಹಿಂದೆ. ಯಾರನ್ನ ಕೇಳಿದ್ರೂ ಹೇಳ್ತಾರೆ. ಬಾಗಿಲು ಹಾಕಿರಲ್ಲ, ಬನ್ನಿ."

ನಡುಹಗಲು ದಾಟುವುದರೊಳಗೆ ಬುದ್ಧನ ಮುಂದಿನ ಅನ್ನವನ್ನು ಇಳಿಸಬೇಕಿತ್ತು. ಆ ದಿನ ಮರೆತಿದ್ದ. ತೊಕುಜಿ ಎದ್ದು, ಕೈಮುಗಿದು ನಾಮ ಹೇಳಿ, ಗಟ್ಟಿಯಾಗಿದ್ದ ಅನ್ನವನ್ನು ಇಳಿಸಿ, ಅದರ ಮೇಲೆ ಬಿಸಿ ಚಹಾ ಹೊಯ್ದುಕೊಂಡು ಒಬ್ಬನೇ ಉಂಡ.