ಜಡತ್ವಕ್ಕೊಂದು ಉದಾಹರಣೆ

ಮೂವತ್ತೊಂದನೆಯ ಉತ್ತರಪತ್ರಿಕೆಯಲ್ಲೂ ಮಾವಿನ ಕೊಂಬೆಯೇ ಅಲ್ಲಾಡುತ್ತಿತ್ತು. ಜಡತ್ವಕ್ಕೆ ಒಂದು ಉದಾಹರಣೆ ಕೊಡಿ ಎಂದರೆ ಒಂಬತ್ತನೇ ತರಗತಿಯ ಮಕ್ಕಳು ಒಂದೋ ಕೊಂಬೆ ಅಲ್ಲಾಡಿಸಿ ಹಣ್ಣು ಉದುರಿಸಿದ್ದರು, ಇಲ್ಲ ಕಂಬಳಿ ಕೊಡವಿ ಧೂಳು ಹಾರಿಸಿದ್ದರು. ಪುಸ್ತಕದಲ್ಲಿ ಮೊದಲಿಗೇ ಇರುವ ಬಸ್ಸಿನ ಉದಾಹರಣೆಯನ್ನು ಒಬ್ಬರೂ ಬರೆದಿರಲಿಲ್ಲ. ಯಾಕೆಂದು ಸರ್ವಮಂಗಳ ಟೀಚರ್‌ಗೆ ಆಗ ಹೊಳೆಯಿತು. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ್ದು ನೋಡಿ, ಪೆನ್ನು ಕೆಳಗಿಟ್ಟು ಅತ್ತರು.

ಮೂರು ತಿಂಗಳ ಹಿಂದೆ ಅವರ ಗಂಡ ನಾಗರಾಜಪ್ಪ ಶಿಕಾರಿಪುರದಿಂದ ಬಸ್ಸಿನಲ್ಲಿ ಬರುತ್ತಾ, ಸ್ಟಾಪು ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ನಿಂತಿದ್ದರು. ಯಾವಾಗಲೂ ಅವರಿಗೆ ಇಳಿಯುವ ಅವಸರ. ತಾಳಗುಂದದ ಹತ್ತಿರ ಕುರಿಗಳು ಅಡ್ಡ ಬಂದವು. ಡ್ರೈವರ್ ಬ್ರೇಕ್ ಒತ್ತಿದ. ಬಸ್ಸು ನಿಂತಿತು, ನಾಗರಾಜಪ್ಪ ನಿಲ್ಲಲಿಲ್ಲ. ಕಂಬಿಗೆ ತಲೆ ಬಡಿದು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ಒಂದು ಕುರಿಗೂ ಏನೂ ಆಗಲಿಲ್ಲ.

ಆ ಕುರಿಗಳು ಲೋಕಪ್ಪನವು. ಅವನ ಮಗಳು ಸುಷ್ಮಿತಾ ಇದೇ ತರಗತಿಯವಳು. ಹುಡುಗಿಯದೇನೂ ತಪ್ಪಿಲ್ಲವೆಂದು ಟೀಚರ್‌ಗೂ ಗೊತ್ತು. ಆದರೂ ಅಂದಿನಿಂದ, ಹಾಜರಿ ಕೂಗುವಾಗ ಬಿಟ್ಟರೆ, ಅವಳ ಹೆಸರು ಅವರ ಬಾಯಿಗೆ ಬಂದಿರಲಿಲ್ಲ.

ಕೊನೆಯ ಪತ್ರಿಕೆ ಅವಳದ್ದೇ. ಹೊರಗಿನ ಬಲ ಬೀಳದ ಹೊರತು ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ ಎಂದು ದುಂಡಗೆ ಬರೆದಿದ್ದಳು. ಉದಾಹರಣೆಯ ಜಾಗ ಖಾಲಿ ಇತ್ತು.

ಟೀಚರ್ ಅವಳನ್ನು ಕರೆಸಿದರು.

“ಎಲ್ರೂ ಕಂಬ್ಳಿ ಕೊಡವಿದಾರೆ. ನಿಮ್ಮನೇಲಿ ಕಂಬ್ಳಿ ಇಲ್ಲೇನೇ?”

“ಐತ್ರಿ ಮಿಸ್.” ಸುಷ್ಮಿತಾ ನೆಲ ನೋಡಿದಳು. “ಬರೀಬೇಕಂತ ಕುಂತೆ, ಬಸ್ಸೇ ಕಣ್ಣಿಗೆ ಬಂತು. ಬ್ಯಾರೇದು ಬರೆಯಾಕೆ ಮನಸ್ಸು ಬರ್ಲಿಲ್ಲ. ನಮ್ಮಪ್ಪ ಈಗ ಆ ರೋಡಿಗೆ ಕುರಿ ಹೊಡ್ಕಂಡು ಹೋಗಲ್ರಿ.”

ಟೀಚರ್ ಉಳಿದ ಪತ್ರಿಕೆಗಳ ಕಟ್ಟನ್ನು ಬದಿಗೆ ಸರಿಸಿದರು. ಆಮೇಲೆ ತಮ್ಮ ಪಕ್ಕಕ್ಕೆ ಸ್ಟೂಲು ಎಳೆದು, ಪತ್ರಿಕೆಯನ್ನು ಅವಳ ಕಡೆ ತಿರುಗಿಸಿದರು.

“ಕೂತ್ಕೋ. ನಾನು ಹೇಳ್ತೀನಿ, ಬರಿ. ಚಲಿಸುತ್ತಿರುವ ಬಸ್ಸು ಥಟ್ಟನೆ ನಿಂತಾಗ...”

ಹುಡುಗಿ ಬರೆದಳು.

“ಒಳಗೆ ನಿಂತಿರುವ ಪ್ರಯಾಣಿಕರು...” ಟೀಚರ್ ಕಿಟಕಿಯ ಕಡೆ ತಿರುಗಿದರು. ಸುಷ್ಮಿತಾ ಪೆನ್ನು ಎತ್ತದೆ ಕಾದಳು.

“ಮುಂದಕ್ಕೆ ಬಾಗುತ್ತಾರೆ.”

“ಬಾಗುತ್ತಾರೆ ಅಂದ್ರೆ ಸಾಕಾ ಮಿಸ್?”

“ಪುಸ್ತಕದಲ್ಲಿ ಅಷ್ಟೇ ಇರೋದು, ಸುಷ್ಮಿತಾ.”

ಎರಡು ಅಂಕ ಹಾಕಲು ಟೀಚರ್ ಮೇಜಿನ ಮೇಲೆ ಕೈಯಾಡಿಸಿದರು. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಹುಡುಗಿಯೇ ಕೆಂಪು ಪೆನ್ನು ಹುಡುಕಿ, ಮುಚ್ಚಳ ತೆಗೆದು, ಅವರ ಕೈಗೆ ಕೊಟ್ಟಳು.