ಬಿಚ್ಚಬಾರದ ದಾರ

ಆ ದಿನ ತಿಮ್ಮಕ್ಕ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಮೊದಲ ತುತ್ತಿಗೇ ಮಗ ಪ್ರಸನ್ನ ಮುಖ ಕಿವಿಚಿದ. ಸೊಸೆ ಬಿಂದುಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಹೂವಿನ ಧ್ಯಾನದಲ್ಲಿ ಹಾಕಿದ್ದೇ ಮರ್ತೋಯ್ತು ಕಣ್ರೋ, ನಗಬೇಡಿ" ಎಂದು ತಿಮ್ಮಕ್ಕ ತಾನೂ ನಕ್ಕು, ಮುದ್ದೆಯ ಪಕ್ಕಕ್ಕೆ ಮೊಸರು ಸುರಿದಳು. ಉಪ್ಪಿನ ಈ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಕ್ಕು ಮರೆಯುವಷ್ಟು ಸಣ್ಣ ತಪ್ಪು, ಎಲ್ಲರ ಮನೆಯಲ್ಲೂ ಆಗುವಂಥದ್ದು.

ಚಿಕ್ಕಲಸಂದ್ರದಲ್ಲಿ ಅವರದು ಎರಡು ಕೋಣೆಯ ಬಾಡಿಗೆ ಮನೆ. ರಸ್ತೆಯ ತಿರುವಿನಲ್ಲಿ ತಿಮ್ಮಕ್ಕನ ಹೂವಿನ ಅಂಗಡಿ. ಅಂಗಡಿಯೆಂದರೆ ಒಂದು ಮೇಜು, ಒಂದು ದೊಡ್ಡ ಕೊಡೆ. ಬಿಂದುಶ್ರೀ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಪ್ರಸನ್ನ ತಲಘಟ್ಟಪುರದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಆಪರೇಟರ್. ತಂದೆಯಿಲ್ಲದೆ, ತಾಯಿಯ ಪಕ್ಕ ಕೂತು ಹೂ ಕಟ್ಟುತ್ತಲೇ ಬೆಳೆದವನು. ಮದುವೆಯಾದ ಮೇಲೂ ಕೆಲಸಕ್ಕೆ ಹೊರಡುವ ಮುಂಚೆ ಒಂದಷ್ಟು ಮಲ್ಲಿಗೆ ಕಟ್ಟಿಕೊಟ್ಟೇ ಹೋಗುತ್ತಿದ್ದ. ಎಡಗೈ ಬೆರಳುಗಳ ನಡುವೆ ತೊಟ್ಟುಗಳನ್ನು ಜೋಡಿಸಿ ಹಿಡಿದು ಬಲಗೈಯಲ್ಲಿ ದಾರ ಸುತ್ತಿ ಬಿಗಿಯುವುದನ್ನು ಗಿರಾಕಿಗಳು ನಿಂತು ನೋಡುತ್ತಿದ್ದರು. ಗಂಡಸು ಹೂ ಕಟ್ಟುವುದೇ ಎಂದು ಅಣಕಿಸಿದ ಹೆಂಗಸರೂ ಅವನು ಕಟ್ಟಿದ ಮಾರನ್ನೇ ಕೇಳಿ ಕೊಳ್ಳುತ್ತಿದ್ದರು.

ಶೆಡ್ಡಿನ ಮಾಲೀಕ ಕೆಂಪರಾಜು. ಅವನ ಅಪ್ಪ ಅದೇ ನೆಲದಲ್ಲಿ ರಾಗಿ ಬೆಳೆದಿದ್ದ. ಊರು ಲೇಔಟಾದ ಮೇಲೆ ಹೊಲದಲ್ಲಿ ಬಾಡಿಗೆ ಮನೆಗಳೂ ಈ ಶೆಡ್ಡೂ ಎದ್ದವು. ಕೆಂಪರಾಜು ಕೆಟ್ಟ ಮನುಷ್ಯನಲ್ಲ. ಹಬ್ಬಕ್ಕೆ ಎಲ್ಲರಿಗೂ ಬಟ್ಟೆ ಕೊಡಿಸುತ್ತಾನೆ, ಆಳುಗಳ ಮನೆಯ ಮದುವೆಗೆ ಬಂದು ಉಂಡು ಹೋಗುತ್ತಾನೆ. ಕೆಟ್ಟವನಾಗಿದ್ದರೆ ಈ ಕಥೆ ಬರೆಯುವುದು ನನಗೆ ಸುಲಭವಾಗುತ್ತಿತ್ತು.

ಅವನ ಶೆಡ್ಡಿನಲ್ಲಿ ಬಾಗಿಲ ಕೀಲುಗಳನ್ನು ಮಾಡುತ್ತಾರೆ. ತಗಡನ್ನು ಅಚ್ಚಿನ ಮೇಲಿಟ್ಟರೆ ಪ್ರೆಸ್ಸಿನ ಉಕ್ಕಿನ ತಲೆ ಮೇಲಿಂದ ಇಳಿದು ಒಂದೇ ಏಟಿಗೆ ಕತ್ತರಿಸುತ್ತದೆ. ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ತಲೆ ಇಳಿಯಬೇಕು. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಅಚ್ಚಿನೊಳಗೆ ಸಿಕ್ಕಿಕೊಳ್ಳಲು ಮೂರನೇ ಕೈ ಯಾರಿಗಿದೆ? ಯಂತ್ರ ಮಾಡಿದವನು ಯೋಚನೆ ಮಾಡಿಯೇ ಮಾಡಿದ್ದ. ಆದರೆ ಹಳೆಯ ಆಪರೇಟರ್ ಯಾರೋ, ಕೆಲಸ ಬೇಗ ಸಾಗಲೆಂದು ಎಡಗಡೆಯ ಬಟನ್ನನ್ನು ಒತ್ತಿ ಅದಕ್ಕೊಂದು ಮರದ ಚಕ್ಕೆ ಸಿಕ್ಕಿಸಿಬಿಟ್ಟಿದ್ದ. ಇನ್ನು ಬಲಗೈ ಒತ್ತಿದರೆ ಸಾಕು. ಎಡಗೈ ತಗಡು ಇಡುತ್ತ, ತೆಗೆಯುತ್ತ ಅಚ್ಚಿನ ಬಾಯಲ್ಲೇ ಆಡುತ್ತಿರಬಹುದು.

ಆ ಚಕ್ಕೆ ಜಾರದ ಹಾಗೆ ಸುತ್ತಿದ್ದು ಆಯುಧ ಪೂಜೆಯ ಅರಿಶಿನದ ದಾರ. ಪೂಜೆಯ ದಿನ ಕಟ್ಟಿದ ದಾರವನ್ನು ಮುಂದಿನ ಪೂಜೆಯವರೆಗೆ ಬಿಚ್ಚಬಾರದು, ಬಿಚ್ಚಿದರೆ ಯಂತ್ರ ರಕ್ತ ಕೇಳುತ್ತದೆ ಎಂಬುದು ಆ ಶೆಡ್ಡಿನ ಪದ್ಧತಿ. ದೇವರ ದಾರ ಹೀಗೆ ಮರದ ಚಕ್ಕೆಯ ಕಾವಲಿಗೆ ನಿಂತಿತು. ಆ ದಾರಕ್ಕೆ ಅರಿಶಿನ ಹಚ್ಚಿ, ಮಾರಮ್ಮನ ಗುಡಿಯಲ್ಲಿಟ್ಟು ತಂದುಕೊಡುತ್ತಿದ್ದವಳು ತಿಮ್ಮಕ್ಕ. ಅವಳ ಕೈಗುಣ ಒಳ್ಳೆಯದೆಂದು ಕೆಂಪರಾಜುವೇ ವರ್ಷವರ್ಷವೂ ಕಾರಿನಲ್ಲಿ ಬಂದು ಒಯ್ಯುತ್ತಿದ್ದ.

ಬಿಂದುಶ್ರೀ ಇದನ್ನೆಲ್ಲ ಕಂಡದ್ದು ಗಾರ್ಮೆಂಟ್ಸಿಗೆ ರಜೆಯಿದ್ದ ಒಂದು ದಿನ, ಗಂಡ ಮರೆತುಹೋದ ಊಟದ ಡಬ್ಬಿ ಕೊಡಲು ಹೋದಾಗ. ಸಂಜೆ ಅವನು ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಕೇಳಿದಳು.

"ರೀ, ಆ ಎಡಗಡೆ ಬಟನ್ ಯಾಕೆ ಕಟ್ಟಿದಾರೆ?"

"ಅದಾ? ಪೂಜೆ ದಾರ. ಮೊದಲಿಂದ ಹಂಗೇ ಇದೆ."

"ಪೂಜೆ ದಾರ ಮೆಷಿನ್ ಕುತ್ತಿಗೆಗೆ ಕಟ್ಲಿ, ಬಟನ್‌ಗೆ ಯಾಕೆ? ನಿಮ್ಮ ಎಡಗೈ ಒಳಗೇ ಇರತ್ತಲ್ರೀ. ನೋಡ್ತಾ ನನಗೆ ಉಸಿರೇ ನಿಂತೋಯ್ತು."

"ಗಮನ ಇಟ್ಕೊಂಡು ಮಾಡಿದ್ರೆ ಏನೂ ಆಗಲ್ಲ ಕಣೆ."

"ಭೀಮಪ್ಪಂಗೆ ಆಯ್ತಲ್ಲ?"

ಭೀಮಪ್ಪ ಅದೇ ಪ್ರೆಸ್ಸಿನಲ್ಲಿ ಪ್ರಸನ್ನನಿಗಿಂತ ಮೊದಲಿದ್ದವನು. ಎರಡು ಬೆರಳು ಕಳೆದುಕೊಂಡು ತನ್ನೂರಿಗೆ ಹೊರಟುಹೋದ. ಶೆಡ್ಡಿನವರು ಅಂದು ಒಂದು ಹುಂಜ ಕೊಯ್ದು, ಬೂದುಗುಂಬಳಕಾಯಿ ಒಡೆದು, ಸಂಜೆಗೇ ಯಂತ್ರ ಓಡಿಸಿದ್ದರು.

ಒಳಗಿಂದ ತಿಮ್ಮಕ್ಕ ಉತ್ತರ ಕೊಟ್ಟಳು. "ಅವನು ದೊಡ್ಡಪ್ಪ ಸತ್ತ ಸೂತಕದಲ್ಲಿ ಬಂದು ಮೆಷಿನ್ ಮುಟ್ದ. ಅಮ್ಮನೋರು ಬಿಡ್ತಾರಾ?"

"ಅತ್ತೆ, ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ರಲ್ಲ, ಆವಾಗ ಯಾವ ಸೂತಕ ಇತ್ತು?"

"ಅದೇನೇ, ಬರೀ ಮರೆವು!"

"ಅದನ್ನೇ ನಾನೂ ಹೇಳ್ತಿರೋದು. ಮರೆವು ಎಲ್ಲರಿಗೂ ಬರತ್ತೆ. ಸಾರಿಗಾದ್ರೆ ಮೊಸರು ಹಾಕ್ಕೊಂಡು ಉಂಡ್ವಿ. ಅಲ್ಲಾದ್ರೆ ಏನ್ ಹಾಕ್ಕೊಳ್ಳೋದು? ಗಮನ ಒಂದಲ್ಲ ಒಂದಿನ ತಪ್ಪೇ ತಪ್ಪತ್ತೆ ಅತ್ತೆ. ತಪ್ಪಿದ ದಿನಾನೂ ಕೈ ಉಳೀಲಿ ಅಂತಾನೇ ಎರಡು ಬಟನ್ ಇಟ್ಟಿರೋದು. ನಮ್ಮ ಗಾರ್ಮೆಂಟ್ಸಲ್ಲಿ ಸೂಜಿಗೂ ಅಡ್ಡ ತಂತಿ ಹಾಕಿದಾರೆ. ಬರೀ ಸೂಜಿಗೆ!"

"ಸಾರನ್ನೂ ದೇವರ ದಾರಾನೂ ಒಂದೇ ಮಾಡ್ತಾಳಲ್ಲಪ್ಪ ಇವಳು" ಎಂದು ತಿಮ್ಮಕ್ಕ ಗೊಣಗಿದಳು. ಪ್ರಸನ್ನ ಕಾಲು ತೊಳೆಯಲು ಬಚ್ಚಲಿಗೆ ಹೋದ. ಆದರೆ ಹೆಂಡತಿಯ ಮಾತು ಅವನೊಳಗೆ ಇಳಿದಿತ್ತು. ಕೆಲವು ದಿನ ಬಿಟ್ಟು, ಯಾರೂ ಇಲ್ಲದ ಹೊತ್ತು ನೋಡಿ ದಾರ ಬಿಚ್ಚಿದ, ಚಕ್ಕೆ ತೆಗೆದ. ಅಂದು ಮಧ್ಯಾಹ್ನದವರೆಗೆ ಎರಡು ಕೈಯಿಂದ ಕೆಲಸ ಮಾಡಿದ. ನಿಧಾನವಾಯಿತು, ಆದರೆ ಎಷ್ಟೋ ಕಾಲದ ಮೇಲೆ ಭುಜ ಸಡಿಲಾಯಿತು ಎಂದು ಅವನೇ ಆಮೇಲೆ ಹೇಳಿದ.

ಮಧ್ಯಾಹ್ನ ಪ್ರೆಸ್ಸಿನ ಬೆಲ್ಟು ಹರಿಯಿತು. ಹರಿದ ತುಂಡು ಯಾರಿಗೂ ತಾಕಲಿಲ್ಲ. ಆದರೆ ಯಂತ್ರದ ಸುತ್ತ ಸೇರಿದವರಿಗೆ ಕಂಡದ್ದು ಹರಿದ ಬೆಲ್ಟಲ್ಲ, ಇಲ್ಲದ ದಾರ.

ಸಂಜೆ ಕೆಂಪರಾಜು ಮನೆಗೇ ಬಂದ. ತಿಮ್ಮಕ್ಕ ಗಾಬರಿಯಿಂದ ಕುರ್ಚಿ ಒರೆಸಿ ಹಾಕಿದಳು.

"ನೋಡು ತಿಮ್ಮಕ್ಕ, ನಿನ್ನ ಮಗ ಏನ್ ಮಾಡಿಟ್ಟ! ಇವತ್ತು ಬೆಲ್ಟು. ನಾಳೆ ಯಾರ ತಲೆ ಮೇಲೆ ಬರತ್ತೋ."

ಬಿಂದುಶ್ರೀ ಮುಂದೆ ಬಂದಳು. "ಬೆಲ್ಟು ಹಳೇದಾಗಿತ್ತಂತಲ್ಲ ಅಣ್ಣ. ಸವೆದಿತ್ತು, ಹರೀತು."

"ಸವೆದಿತ್ತು ತಾಯಿ, ನಾನೇನ್ ಇಲ್ಲ ಅಂದ್ನಾ? ಆದ್ರೆ ಇವತ್ತೇ ಯಾಕೆ ಹರೀಬೇಕು? ನಿನ್ನೆ ಹರೀಬೋದಿತ್ತಲ್ಲ?"

ಈ ಪ್ರಶ್ನೆಗೆ ಬುದ್ಧಿವಂತರು ಏನು ಉತ್ತರ ಕೊಡುತ್ತಾರೋ ನನಗೆ ತಿಳಿಯದು. ಯಾವುದೋ ಒಂದು ದಿನ ಹರಿಯಲೇಬೇಕಲ್ಲವೇ ಎಂದಳು ಬಿಂದುಶ್ರೀ. ಕೆಂಪರಾಜು ಏನೂ ತಿಳಿಯದ ಮಗುವನ್ನು ನೋಡುವ ಹಾಗೆ ಅವಳನ್ನು ನೋಡಿ, ತಿಮ್ಮಕ್ಕನ ಕಡೆ ತಿರುಗಿ, "ಈ ಸಲ ದಾರ ಬೇರೆಯೋರು ಕಟ್ಟೋದು ಬೇಡ. ನೀನೇ ಬಂದು ನಿನ್ನ ಕೈಯಾರೆ ಕಟ್ಟಿಕೊಡು" ಎಂದ.

ಮರುದಿನ ತಿಮ್ಮಕ್ಕ ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ಮಾಲೀಕನ ಕಾರಿನಲ್ಲಿ ಕೂತು ತಲಘಟ್ಟಪುರಕ್ಕೆ ಹೋದಳು. ಬೀದಿಯವರೆಲ್ಲ ನೋಡಲಿ ಎಂದು ಕಿಟಕಿಯ ಗಾಜು ಇಳಿಸಿಕೊಂಡಿದ್ದಳು. ಕರ್ಪೂರ ಬೆಳಗಿ, ಚಕ್ಕೆಯನ್ನು ಮತ್ತೆ ಸಿಕ್ಕಿಸಿ, ಅರಿಶಿನದ ದಾರವನ್ನು ಹೂವಿನ ಗಂಟಿನಷ್ಟೇ ಬಿಗಿಯಾಗಿ ಸುತ್ತಿದಳು. ಅವಳ ಗಂಟು ಸಡಿಲಾಗುವುದೇ ಇಲ್ಲ. ಸುತ್ತುವಾಗ ಚಕ್ಕೆ ಜಾರದಂತೆ ಹಿಡಿದುಕೊಂಡವನು ಪ್ರಸನ್ನ.

ಬಿಂದುಶ್ರೀ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಕೆಲಸ ಬಿಡಿ ಎಂದಳು. ಬೇರೆ ಕಡೆ ವಿಚಾರಿಸಿದ ಪ್ರಸನ್ನ, ಅಲ್ಲೂ ಹೀಗೇ ಕಟ್ಟಿದ್ದಾರೆ, ದಾರದ ಬದಲು ಟೇಪು, ಎಂದ. ಕಾರ್ಖಾನೆಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ಹೋಗಿ ಹೇಳಿಕೊಂಡಳು. ಅಷ್ಟು ಸಣ್ಣ ಶೆಡ್ಡು ತಮಗೆ ಸಂಬಂಧಿಸುವುದಿಲ್ಲ ಎಂದರು. ಅಷ್ಟು ಸಣ್ಣ ಶೆಡ್ಡಿನಲ್ಲಿ ಕೈಗಳು ಮಾತ್ರ ಎಲ್ಲರಷ್ಟೇ ದೊಡ್ಡವಿರುತ್ತವೆ. ಆಮೇಲೆ ಅವಳಿಗೆ ಉಳಿದದ್ದು ಒಂದೇ. ಬೆಳಗ್ಗೆ ಅವನು ಹೂ ಕಟ್ಟುವಾಗ ಎದುರಿಗೆ ಕೂತು ಆ ಎಡಗೈಯನ್ನು ನೋಡುವುದು.

ಯುಗಾದಿ ಕಳೆದ ಮೇಲೆ ಆದದ್ದು ಇಷ್ಟು. ಅಚ್ಚಿನಲ್ಲಿ ತಗಡಿನ ಚೂರೊಂದು ಅಂಟಿಕೊಂಡಿತು. ಪ್ರಸನ್ನ ಅದನ್ನು ಎಡಗೈಯಿಂದ ಕೀಳಲು ಹೋದ. ಬೆಳಗಿನಿಂದ ಒಂದೇ ಸಮನೆ ಒತ್ತುತ್ತಿದ್ದ ಬಲಗೈ, ರೂಢಿಯ ಬಲದಿಂದ ಇನ್ನೊಮ್ಮೆ ಒತ್ತಿತು. ಯಾರೂ ತಳ್ಳಲಿಲ್ಲ, ಯಾರೂ ಶಪಿಸಲಿಲ್ಲ. ಸಾರಿಗೆ ಎರಡನೇ ಸಲ ಉಪ್ಪು ಹಾಕುವ ಕೈ ಎಷ್ಟು ಮರೆಯುತ್ತದೋ ಅಷ್ಟೇ ಅವನ ಬಲಗೈ ಮರೆತದ್ದು.

ಆಸ್ಪತ್ರೆಯಲ್ಲಿ ಎಡಗೈಯ ಹೆಬ್ಬೆರಳೊಂದೇ ಉಳಿಯಿತು. ಖರ್ಚನ್ನು ಕೆಂಪರಾಜು ಕೊಟ್ಟ, ಅವನ ಕಣ್ಣಲ್ಲಿ ನೀರೂ ಬಂತು. ಅದು ಸುಳ್ಳು ನೀರಲ್ಲ. ಕಣ್ಣು ಒರೆಸಿಕೊಂಡು ಅವನು ಕೇಳಿದ ಮೊದಲ ಮಾತು: "ಅವತ್ತು ಬೆಳಗ್ಗೆ ಏನ್ ತಪ್ಪು ಮಾಡ್ಕೊಂಡೋ ಪ್ರಸನ್ನ?"

ಅಡಿಗೆ ಬಿದ್ದವನಿಗೆ ಆಳಿಗೊಂದು ಕಲ್ಲು. ನೋಡಲು ಬಂದವರೆಲ್ಲ ಒಂದೊಂದು ಕಲ್ಲು ಎಸೆದರು. ಕೈ ಮುಗಿದು ಮೆಷಿನ್ ಶುರು ಮಾಡಿದ್ದನೋ ಇಲ್ಲವೋ. ಹಿಂದಿನ ದಿನ ಮಾಂಸ ತಿಂದಿದ್ದನೇನೋ. ಹೆಂಡತಿ ಮುಟ್ಟಾಗಿದ್ದಳೇನೋ, ಡಬ್ಬಿ ಅವಳೇ ಕಟ್ಟಿದ್ದಳೇನೋ. ಕಡೆಗೆ ಎಲ್ಲರೂ ಒಂದು ತೀರ್ಮಾನಕ್ಕೆ ಬಂದರು: ದಾರ ಬಿಚ್ಚಿಸಿದವಳು ಸೊಸೆ, ಅಮ್ಮನವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅದನ್ನು ಕೇಳಿಯೂ ಬಿಂದುಶ್ರೀ ಬಂದವರಿಗೆಲ್ಲ ಕಾಫಿ ಕೊಟ್ಟಳು. ಬೈಯುವುದಕ್ಕೆ ನನಗೆ ಬಾಯಿ ತುರಿಸುತ್ತದೆ, ಆದರೆ ಯಾರನ್ನೆಂದು ಬೈಯಲಿ? ಪ್ರಸನ್ನನೇ "ನಂದೇ ತಪ್ಪು, ಒಂದು ಕ್ಷಣ ಗಮನ ಹೋಯ್ತು" ಎನ್ನುತ್ತಿದ್ದ. ಕೈ ಕಳೆದುಕೊಂಡವನೇ ತಲೆ ತಗ್ಗಿಸಿ ಕೂತಿದ್ದ.

ಕೈ ಹೋದ ದಿನವೇ ಶೆಡ್ಡಿನಲ್ಲಿ ಕುಂಬಳಕಾಯಿ ಒಡೆದಿದ್ದರು. ಸಂಜೆಗೇ ಯಂತ್ರ ಓಡಿತ್ತು.

ಮಳೆಗಾಲದ ಒಂದು ಬೆಳಗ್ಗೆ ತಿಮ್ಮಕ್ಕ ಹೂ ಕಟ್ಟುತ್ತ ಕೂತಿದ್ದಳು. ಪ್ರಸನ್ನ ಎದುರಿಗೆ ಬಂದು ಕೂತ. ಅಭ್ಯಾಸದಂತೆ ಎರಡು ಮಲ್ಲಿಗೆ ಎತ್ತಿಕೊಂಡು, ಎಡಗೈಯ ಹೆಬ್ಬೆರಳನ್ನು ಎಲ್ಲಿ ಊರಬೇಕೋ ತಿಳಿಯದೆ ಹೂವನ್ನು ಮತ್ತೆ ಬುಟ್ಟಿಗೆ ಹಾಕಿದ. ತಿಮ್ಮಕ್ಕನ ಕೈ ನಿಂತಿತು.

"ಮಗಾ, ಒಂದು ಮಾತು ನಿಜ ಹೇಳು. ಆ ದಾರ ಇಲ್ದೇ ಇದ್ದಿದ್ರೆ, ಅವತ್ತು ಮೆಷಿನ್ ಕೆಳಗೆ ಬರ್ತಿತ್ತಾ?"

ಪ್ರಸನ್ನ ತಲೆಯೆತ್ತಲಿಲ್ಲ. "ಬಿಡಮ್ಮ ಈಗ."

"ಬರ್ತಿತ್ತಾ?"

"ಇಲ್ಲಮ್ಮ. ಬರ್ತಿರಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಬಿಂದುಶ್ರೀ ಬಂದು ಅತ್ತೆಯ ಪಕ್ಕ ಕೂತಳು. ನಾನು ಆಗಲೇ ಹೇಳಿರಲಿಲ್ಲವೇ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಆ ಒಲೆಯ ಮುಂದೆ ಕೂತವಳಿಗೆ ಎಷ್ಟು ಸುಡುತ್ತದೆ ಎಂದು ಗಾದೆ ಹೇಳುವುದಿಲ್ಲ. ತಿಮ್ಮಕ್ಕ ಅಂದು ಹೂವಿನ ಮೇಲೆ ನೀರು ಚಿಮುಕಿಸಲಿಲ್ಲ. ಎಲ್ಲವೂ ಬಾಡಿದವು.

ಮತ್ತೆ ಆಯುಧ ಪೂಜೆ ಬಂತು. ಬೀದಿಯ ಎರಡೂ ಕಡೆ ಸೇವಂತಿಗೆಯ ರಾಶಿ, ಬಾಳೆಕಂದು, ಕುಂಬಳಕಾಯಿ. ಕೆಂಪರಾಜುವಿನ ಕಾರು ಎಂದಿನಂತೆ ತಿರುವಿನಲ್ಲಿ ನಿಂತಿತು. ಜೊತೆಯಲ್ಲಿ ಹೊಸ ಆಪರೇಟರ್ ಯುವರಾಜ್ ಇಳಿದ. ಮದುವೆಯಾಗಿ ಇನ್ನೂ ವರ್ಷ ತುಂಬದವನು. ಬಲಗೈಯಿಂದ ಹೂವಿಗೆ ನೀರು ಚಿಮುಕಿಸುತ್ತಿದ್ದ ಪ್ರಸನ್ನ ಎಡಗೈಯನ್ನು ಟವೆಲ್ಲಿನ ಕೆಳಗೆ ಎಳೆದುಕೊಂಡ.

ತಿಮ್ಮಕ್ಕ ಮಾರು ಅಳೆದು ಹಾರಗಳನ್ನು ಕೊಟ್ಟಳು.

"ದಾರ?" ಎಂದ ಕೆಂಪರಾಜು.

"ಹೂವು ಎಷ್ಟು ಬೇಕೋ ತಗೊಂಡೋಗಣ್ಣ. ದಾರ ಕೊಡಲ್ಲ."

"ಯಾಕೆ ತಿಮ್ಮಕ್ಕ? ಎಲ್ಲರಿಗೂ ನಿನ್ನ ಕೈ ದಾರದ ಮೇಲೇ ನಂಬಿಕೆ."

"ನನ್ನ ಕೈ ದಾರಾನೇ ಅಣ್ಣ ನನ್ನ ಮಗನ ಕೈ ತಿಂದಿದ್ದು. ಅಮ್ಮನೋರಲ್ಲ. ಬೆಲ್ಟಲ್ಲ. ನನ್ನ ಸೊಸೆ ಅಲ್ಲ."

ಕೆಂಪರಾಜು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹಬ್ಬದ ದಿನ ಇದೇನ್ ಮಾತು! ಬಿಡ್ತು ಅನ್ನು."

"ಅನ್ನಲ್ಲ."

ತಿಮ್ಮಕ್ಕ ಹೀಗೆ ಅಂದದ್ದನ್ನು ಅವಳ ಸೊಸೆಯೂ ಕೇಳಿರಲಿಲ್ಲ. ಕೆಂಪರಾಜು ಕೋಪ ಮಾಡಿಕೊಳ್ಳಲಿಲ್ಲ. ಮುದುಕಿಗೆ ಮಗನ ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡು, ಪೂಜೆ ಸಾಮಾನು ಮಾರುವ ಪಕ್ಕದ ಗ್ರಂಥಿಗೆ ಅಂಗಡಿಗೆ ನಡೆದ. ಅಲ್ಲಿ ಅರಿಶಿನದ ದಾರದ ಉಂಡೆಗಳನ್ನು ಸಾಲಾಗಿ ನೇತುಹಾಕಿದ್ದರು.

ಹಾರಗಳನ್ನು ಎತ್ತಿಕೊಳ್ಳಲು ಬಗ್ಗಿದ ಯುವರಾಜ್‌ನ ಎಡಗೈಯನ್ನು ತಿಮ್ಮಕ್ಕ ಹಿಡಿದುಕೊಂಡಳು.

"ದಾರ ಬಿಚ್ಚಪ್ಪ. ಅವರು ಕಟ್ಟಿದ್ರೂ ನೀನು ಬಿಚ್ಚು. ಎರಡು ಕೈಯಿಂದ ಮಾಡು."

"ನೋಡ್ತೀನಿ ಅಜ್ಜಿ."

"ನೋಡ್ತೀನಿ ಅನ್ಬೇಡ. ಇಲ್ಲಿ ನೋಡು, ಈಗ್ಲೇ ನೋಡು" ಎಂದು ಅವಳು ಪ್ರಸನ್ನನ ಮಡಿಲ ಮೇಲಿನ ಟವೆಲ್ಲನ್ನು ಎಳೆದಳು. ಯುವರಾಜ್ ನೋಡಿದ, ಮುಖ ತಿರುಗಿಸಿದ.

ಕೆಂಪರಾಜು ದಾರದ ಉಂಡೆ ಹಿಡಿದು ಕಾರಿನಲ್ಲಿ ಕೂತು ಹಾರ್ನ್ ಒತ್ತಿದ.

"ಓನರ್ರು ಕರೀತಿದಾರೆ ಅಜ್ಜಿ, ಕೈ ಬಿಡಿ."

ತಿಮ್ಮಕ್ಕ ಬಿಡಲಿಲ್ಲ. ಹಾರ್ನ್ ಇನ್ನೊಮ್ಮೆ ಕೂಗಿತು. ಯುವರಾಜ್ ತನ್ನ ಬಲಗೈಯಿಂದ ಅವಳ ಬೆರಳುಗಳನ್ನು ಮೆಲ್ಲಗೆ, ಒಂದೊಂದಾಗಿ ಬಿಡಿಸಿಕೊಂಡು, ಹಾರಗಳನ್ನು ಹೆಗಲಿಗೆ ಹಾಕಿಕೊಂಡು ಹೋದ.