ಮಲಕಮ್ಮನ ಬಾಯಿಗೆ ಹಾಕಿದ ಮಾತು

ವಿಡಿಯೊದಲ್ಲಿದ್ದ ಸುಳ್ಳನ್ನು ಮೊದಲು ಹಿಡಿದವನು ಮನಿಷಾಳ ಅಪ್ಪ ಸಾತಪ್ಪ. ಭಾನುವಾರ ಬೆಳಿಗ್ಗೆ ಸೋಲಾಪುರದ ಬದಿಯ ಕುಂಭಾರಿ ಊರಿನಲ್ಲಿ ತಮ್ಮ ಓಣಿಯಲ್ಲೆಲ್ಲ ತಿರುಗಿ, “ಈ ದನಿ ನನ್ನ ಮಗಳದು” ಎಂದು ಹತ್ತು ಮನೆಗೆ ತೋರಿಸಿ ಬಂದಿದ್ದ. ಈಗ ಕಟ್ಟೆಯ ಮೇಲೆ ಕೂತು ಅದನ್ನೇ ಮತ್ತೊಮ್ಮೆ ನೋಡುತ್ತಿದ್ದ. ವಿಡಿಯೊದಲ್ಲಿ ಒಬ್ಬ ಮುದುಕಿ ಹೊಲಿಗೆ ಮಿಷಿನ್ ಮುಂದೆ ಕೂತು ಮಾತಾಡುತ್ತಿದ್ದಳು. ಮೇಲೆ ಮನಿಷಾಳ ಮರಾಠಿ ದನಿ ಜೋರಾಗಿತ್ತು, ಅದರಡಿಯಲ್ಲಿ ಮುದುಕಿಯ ಕನ್ನಡ ಸಣ್ಣಗೆ ಉಳಿದಿತ್ತು.

“ಮನಿಷಾ, ಈ ಆಯಿ ಬ್ಯಾರೆನಽ ಹೇಳಾಕತ್ತಾಳಲ್ಲ,” ಎಂದ.

ಮನಿಷಾ ಬಟ್ಟೆ ಹಿಂಡುತ್ತಿದ್ದವಳು ತಿರುಗಿ ನೋಡಲಿಲ್ಲ. “ಏನ್ ಹೇಳಾಕತ್ತಾಳ?”

“ಮಿಷಿನ್ ಯಾವಾಗ ಕೊಡ್ತೀರಿ ಅಂತ ಕೇಳಾಕತ್ತಾಳ. ನೀ ಮ್ಯಾಲ ಮಿಷಿನ್ ಬಂದು ನಮ್ಮ ಬಾಳೇವು ಸುಧಾರಿಸೈತಿ ಅಂತ ಅಂದಿ.”

“ಅದು ಭಾವಾರ್ಥ, ಅಪ್ಪಾ.”

ಸಾತಪ್ಪ ಸೋಲಾಪುರದ ಚಾದರ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಮಗ್ಗ ನಡೆಸಿದವನು. ಮಗ್ಗಗಳ ಗದ್ದಲದಲ್ಲಿ ಎದುರಿಗಿದ್ದವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುವುದು ಅವನಿಗೆ ರೂಢಿಯಾಗಿತ್ತು. ಅವನು ದನಿಯನ್ನು ಪೂರ್ತಿ ಬಂದ್ ಮಾಡಿ ಇನ್ನೊಮ್ಮೆ ನೋಡಿದ. ಆಮೇಲೆ ಫೋನನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಒಳಗೆ ಹೋದ. ಆ ದಿನ ಮಧ್ಯಾಹ್ನ ಅಪ್ಪ ಮಗಳು ಬೇರೆ ಬೇರೆಯಾಗಿ ಊಟ ಮಾಡಿದರು.

ಮನಿಷಾ ಸರ್ಕಾರದ ಪ್ರಚಾರದ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಸೋಲಾಪುರದಲ್ಲಿ ‘ಲೋಕಸಂವಾದ ಕಕ್ಷ’ ಎಂಬ ಒಂದು ಕಚೇರಿ, ಅದರಲ್ಲಿ ಮಾಹಿತಿ ಸಹಾಯಕಿಯ ಹುದ್ದೆ. ಮೂರು ಸಲ ಪರೀಕ್ಷೆ ಬರೆದು ಗಳಿಸಿದ್ದು. ಪತ್ರಿಕಾ ಪ್ರಕಟಣೆ ಬರೆಯಬೇಕು, ಮಂತ್ರಿಗಳ ಭಾಷಣದ ಸಾರ ತೆಗೆಯಬೇಕು, ಎಲ್ಲಕ್ಕಿಂತ ಹೆಚ್ಚಾಗಿ ‘ಯಶೋಗಾಥೆ’ ಬರೆಯಬೇಕು. ಯಾವುದಾದರೂ ಯೋಜನೆಯಿಂದ ಯಾರದಾದರೂ ಬದುಕು ಹಸನಾದ ಕತೆಗೆ ಅಲ್ಲಿ ಆ ಹೆಸರು. ಸಂದರ್ಶನದಲ್ಲಿ ಆಕೆಗೆ ಕನ್ನಡ ಬರುತ್ತದೆ ಎಂದು ಕೇಳಿ ಎಲ್ಲರೂ ಸಂತೋಷಪಟ್ಟಿದ್ದರು. ಅಕ್ಕಲಕೋಟ ತಾಲ್ಲೂಕಿನ ಹಳ್ಳಿಗಳಿಗೆ ಹೋದರೆ ಕಚೇರಿಯ ಉಳಿದವರಿಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಮನಿಷಾಳಿಗೆ ಕನ್ನಡ ಮನೆಯ ಮಾತು. ಓದಲು ಮಾತ್ರ ಬಾರದು, ಕಲಿತದ್ದೆಲ್ಲ ಮರಾಠಿ ಸಾಲಿಯಲ್ಲಿ.

ಕಚೇರಿಯ ಮುಖ್ಯಸ್ಥ ನಿಲೇಶ ಸಾಹೇಬ ಎಂದೂ ಸಿಟ್ಟಾಗದ ಮನುಷ್ಯ. ಬಡವರನ್ನು ಆತ ‘ಕಂಟೆಂಟ್’ ಎನ್ನುತ್ತಿದ್ದ. “ಮುಖ ಚೆನ್ನಾಗಿದೆ, ಸುಕ್ಕು ಚೆನ್ನಾಗಿ ಬಂದಿದೆ,” ಎಂದು ಫೋಟೊ ಆರಿಸುತ್ತಿದ್ದ. ಕಣ್ಣೀರು ಬಂದ ಫೋಟೊ ಸಿಕ್ಕರೆ ಎಲ್ಲರಿಗೂ ಚಹಾ ತರಿಸುತ್ತಿದ್ದ. ಮೊದಮೊದಲು ಮನಿಷಾಳಿಗೆ ಅದು ಕಿವಿಗೆ ಚುಚ್ಚುತ್ತಿತ್ತು. ಒಂದು ವರ್ಷದೊಳಗೆ ಆಕೆಯೂ ಆ ಶಬ್ದ ಬಳಸತೊಡಗಿದ್ದಳು.

ಆ ತಾಲ್ಲೂಕಿನ ಹನ್ನೂರಿನ ಆಚೆಗೆ, ವಸ್ತಿ ಎಂದು ಕರೆಯುವ ಒಂದು ಸಣ್ಣ ಕೇರಿಯಲ್ಲಿ ಜನವರಿಯಲ್ಲಿ ಹನ್ನೆರಡು ಹೆಂಗಸರಿಗೆ ಹೊಲಿಗೆ ಮಿಷಿನ್ ಹಂಚಿದ ಸುದ್ದಿಯನ್ನು ಬರೆದವಳೂ ಆಕೆಯೇ. ಏಪ್ರಿಲಿನಲ್ಲಿ ಅವರ ಯಶೋಗಾಥೆಯ ವಿಡಿಯೊ ಮಾಡಲು ಜೀಪಿನಲ್ಲಿ ಹೋದಾಗ ಅಲ್ಲಿ ಒಂದು ಮಿಷಿನ್ನೂ ಇರಲಿಲ್ಲ. ಹಾರ ಹಾಕಿ ಫೋಟೊ ತೆಗೆದ ಮೇಲೆ, ಮೋಟಾರು ಕೂಡಿಸಿ ತರುತ್ತೇವೆಂದು ಟೆಂಪೊದಲ್ಲಿ ಹೇರಿಕೊಂಡು ಹೋದವರು ಮತ್ತೆ ಬಂದಿರಲಿಲ್ಲ.

ನಿಲೇಶ ಸಾಹೇಬನಿಗೆ ಅದೊಂದು ತೊಡಕಾಗಿ ಕಾಣಲಿಲ್ಲ. ಊರ ದರ್ಜಿ ಕಾಮಣ್ಣನ ಮಿಷಿನ್ ಹೊರಿಸಿಕೊಂಡು ಬಂದು, ಮಲಕಮ್ಮ ಎಂಬ ಅರವತ್ತರ ಹೆಂಗಸನ್ನು ಅದರ ಮುಂದೆ ಕೂಡಿಸಿದ. ತೊಗರಿ ಕಟಾವಿಗೆ, ಕಳೆ ತೆಗೆಯಲು ಕೂಲಿ ಹೋಗುವವಳು ಆಕೆ. ಎಂದೂ ಮಿಷಿನ್ ತುಳಿದವಳಲ್ಲ.

“ಮಾತಾಡ್ರಿ ಆಯಿ,” ಎಂದಳು ಮನಿಷಾ.

“ಏನ್ ಮಾತಾಡ್ಲಿ? ಮಿಷಿನ್ ಇನ್ನಾ ಬಂದಿಲ್ರಿ. ಫೋಟೊ ತಗದು ಹೊಳ್ಳಿ ಒಯ್ದಾರ. ಯಾವಾಗ ಕೊಡ್ತೀರಿ? ಇದು ಕಾಮಣ್ಣಂದು, ಅಂವಾ ಹೊರಗ ನಿಂತಾನ.”

“ಛಾನ್,” ಚೆನ್ನಾಗಿ ಬಂತು ಎಂದ ಕ್ಯಾಮೆರಾದ ಹಿಂದಿದ್ದ ನಿಲೇಶ. ಮಲಕಮ್ಮ ಏನು ಹೇಳಿದಳೆಂದು ಆತ ಕೇಳಲಿಲ್ಲ. ಕಚೇರಿಗೆ ಮರಳಿದ ಮೇಲೆ ಒಂದು ಹಾಳೆಯಲ್ಲಿ ನಾಲ್ಕು ಮರಾಠಿ ವಾಕ್ಯ ಬರೆದು ಮನಿಷಾಳ ಮುಂದಿಟ್ಟ. ಮಲಕಮ್ಮ ಹೇಳಿದ್ದೇ ಬೇರೆ ಎಂದು ಆಕೆ ಹೇಳಿದಳು. “ಹಾಗಾದರೆ ದನಿ ಸ್ವಲ್ಪ ಜೋರಾಗಿ ಇಡೋಣ,” ಎಂದ. ಮನಿಷಾ ಮೈಕಿನ ಮುಂದೆ ಕೂತು, ಮುದುಕಿಯ ತುಟಿಗೆ ಹೊಂದುವಂತೆ ಆ ವಾಕ್ಯಗಳನ್ನು ಆರು ಸಲ ಓದಿದಳು. ಆರನೆಯದು ಚೆನ್ನಾಗಿ ಹೊಂದಿತು. ಆಗ ಆಕೆಗೆ ಖುಷಿಯೇ ಆಗಿತ್ತು.

ವಿಡಿಯೊವನ್ನು ಪುಣೆ, ಮುಂಬೈಗಳಲ್ಲಿ ಲಕ್ಷಾಂತರ ಜನ ನೋಡಿ ಕೈಮುಗಿದರು. ಅಕ್ಕಲಕೋಟದಲ್ಲಿ ಜನ ನಕ್ಕರು. ಆ ತಾಲ್ಲೂಕಿನಲ್ಲಿ ಮನೆಮನೆಯಲ್ಲಿ ಕನ್ನಡವಿದೆ ಎಂಬುದು ಕಚೇರಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯಬೇಕಾಗಿದ್ದ ಮನಿಷಾಳಿಗೂ ಹೊಳೆದಿರಲಿಲ್ಲ. ಸಿದ್ದರಾಮಪ್ಪ ಎಂಬ ಸಾಲಿ ಮಾಸ್ತರರು ಮಲಕಮ್ಮನ ಮಾತುಗಳನ್ನು ಒಂದಕ್ಷರ ಬಿಡದೆ ಮರಾಠಿಗೆ ಇಳಿಸಿ ವಿಡಿಯೊದ ಕೆಳಗೆ ಬರೆದರು. ಮೂರನೆಯ ದಿನ ಅದು ಪತ್ರಿಕೆಯಲ್ಲಿ ಬಂತು.

ಮುಂಬೈಯ ಮುಖ್ಯ ಕಚೇರಿಯಿಂದ ಫೋನ್ ಬಂದಾಗಲೂ ನಿಲೇಶ ಗಾಬರಿಯಾಗಲಿಲ್ಲ. “ಖುಲಾಸಾ ಕೊಡೋಣ,” ಎಂದ. ಪತ್ರಿಕೆಯ ಸುದ್ದಿ ತಪ್ಪೆಂದು ಸರ್ಕಾರ ಬರೆಯುವ ಸ್ಪಷ್ಟೀಕರಣಕ್ಕೆ ಅವರು ಖುಲಾಸಾ ಎನ್ನುತ್ತಾರೆ. ಅದಕ್ಕೆ ಮಲಕಮ್ಮನ ಹೆಬ್ಬೆಟ್ಟು ಬೇಕಿತ್ತು. ಮರುದಿನ ಬೆಳಿಗ್ಗೆ ಮನಿಷಾಳನ್ನು ಕರೆದುಕೊಂಡು ಹೊರಟ. ಜೀಪು ನಡೆಸುತ್ತಿದ್ದವನು ಅಂಬಾದಾಸ. ನಿಲೇಶ ಹಿಂದಿನ ಸೀಟಿನಲ್ಲಿ ಆಕೆಯ ಪಕ್ಕ ಕೂತು ದಾರಿಯುದ್ದಕ್ಕೂ ದ್ರಾಕ್ಷಿ ತಿನ್ನುತ್ತ, ಬೀಜಗಳನ್ನು ಬೆರಳ ತುದಿಗೆ ಉಗುಳಿ ಸೀಟಿನ ಸಂದಿಗೆ ಒರೆಸುತ್ತಿದ್ದ.

“ಹೆಬ್ಬೆಟ್ಟು ಒತ್ತಿದರೆ ಮಿಷಿನ್ ಬೇಗ ಬರುತ್ತದೆ ಅಂತ ಹೇಳು. ಕಾಗದದಲ್ಲಿ ಏನಿದೆ ಅಂತ ಹೇಳುವ ಅಗತ್ಯವಿಲ್ಲ,” ಎಂದ ಮರಾಠಿಯಲ್ಲಿ.

ಮಲಕಮ್ಮ ಅಂಗಳದಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವರನ್ನು ಕಂಡು ಪಕ್ಕದ ಮನೆಯಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ, ಮತ್ತೆ ಮೊರ ಹಿಡಿದು ಕೂತಳು. ಮನಿಷಾ ಕೂಡಲಿಲ್ಲ. ಕಾಗದ ಹಿಡಿದು ನಿಂತಳು. ನಿಲೇಶ ಕೂತು, ಮಸಿಯ ಡಬ್ಬಿ ತೆರೆದಿಟ್ಟು, ಫೋನಿನಲ್ಲಿ ವಿಡಿಯೊ ಚಾಲೂ ಮಾಡಿದ.

“ನೀವು ನಮ್ಮ ಮಾತಿನವರು, ಅಕ್ಕಾರ,” ಎಂದಳು ಮಲಕಮ್ಮ. “ನಂಗ ಓದಾಕ ಬರಂಗಿಲ್ಲ. ನೀವು ಹೂಂ ಅಂದ್ರ ಒತ್ತತೀನಿ.”

ಮನಿಷಾ ಕಾಗದದಿಂದ ತಲೆಯೆತ್ತಿದಳು. ಪಕ್ಕದಲ್ಲಿ ನಿಲೇಶ ಮೆಲ್ಲಗೆ ನಗುತ್ತ ತಲೆಯಾಡಿಸುತ್ತಿದ್ದ. ಆ ನಗು ತನ್ನ ಮುಖದ ಮೇಲೂ ಇದೆ, ಒಂದು ವರ್ಷದಿಂದ ಇದೆ ಎಂದು ಆಕೆಗೆ ಅನಿಸಿತು.

“ಒತ್ತಬ್ಯಾಡ್ರಿ, ಮೊದಲ ಕೇಳ್ರಿ,” ಎಂದಳು. “ಮಿಷಿನ್ ನಿಮಗ ಸಿಕ್ಕೈತಿ ಅಂತ ಬರದಾರ. ಅವತ್ತ ರಿಪೇರಿಗೆ ಹೋಗಿತ್ತಂತ. ನೀವು ಕನ್ನಡದಾಗ ಹೇಳಿದ್ದು ತಿಳೀಲಾರದ ಹೇಳಿದ್ದಂತ.”

ಮೊರ ಆಡಿಸುತ್ತಿದ್ದ ಕೈ ನಿಂತಿತು. “ನಾ ಹೇಳಿದ್ದು ಸುಳ್ಳಂತಾನ?”

“ಹೌದ್ರಿ.”

“ಆ ವಿಡಿಯೊದಾಗ ನನ್ನ ಬಾಯಾಗ ಮರಾಠಿ ಹಾಕಿದವರು ಯಾರು? ನನ್ನ ಮೊಮ್ಮಗಳು ಅಂತಾಳ, ಆಯಿ, ನಿನ್ನ ದನಿ ಎಳೀದು ಆಗೈತಿ ಅಂತ.”

“ನಾನಽ ಹಾಕೀನ್ರಿ. ಅದು ನನ್ನ ದನಿ.”

ಮಲಕಮ್ಮ ಆಕೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಕಾಳಿನಲ್ಲಿ ಸಿಕ್ಕ ಹುಳವನ್ನು ನೋಡಿದ ಹಾಗಿತ್ತು.

“ನಿಮ್ಮ ಮನ್ಯಾಗ ಕನ್ನಡ ಮಾತಾಡ್ತೀರೇನು?”

“ಹೂಂ.”

“ಮತ್ತ ಮನ್ಯಾಗ ಯಾರೂ ನೋಡಿಲ್ಲೇನು ಅದನ್ನ?”

ಮನಿಷಾ ಕಾಗದ ಮಡಚಿದಳು. ಮಲಕಮ್ಮ ಎದ್ದು ಮಸಿಯ ಡಬ್ಬಿಯ ಮುಚ್ಚಳ ಮುಚ್ಚಿ ನಿಲೇಶನ ಕೈಗೆ ಕೊಟ್ಟಳು. “ಏಳ್ರಿ ಸಾಹೇಬ್ರ. ಕುರ್ಚಿ ಬಾಜೂ ಮನಿಯವು, ಕೊಡಬೇಕು.”

“ಕಾಯ್ ಮ್ಹಣತೇ?” ಏನಂತಾಳೆ ಎಂದು ನಿಲೇಶ ಕೇಳಿದ.

“ಒತ್ತುವುದಿಲ್ಲವಂತೆ. ಕಾಗದದಲ್ಲಿದ್ದುದನ್ನು ಇದ್ದ ಹಾಗೆ ಹೇಳಿದೆ,” ಎಂದಳು ಮನಿಷಾ ಮರಾಠಿಯಲ್ಲಿ.

ಆತ ಫೋನನ್ನು ಕಿಸೆಗೆ ಹಾಕಿಕೊಂಡ. ಜೀಪಿನ ಹತ್ತಿರ ಬಂದಾಗ ಮನಿಷಾ ಮುಂದಿನ ಬಾಗಿಲು ತೆರೆದು ಅಂಬಾದಾಸನ ಪಕ್ಕ ಕೂತಳು. ಹಿಂದಿನಿಂದ ನಿಲೇಶ ಉಳಿದ ದ್ರಾಕ್ಷಿಯ ಗೊಂಚಲನ್ನು ಮುಂದೆ ಚಾಚಿದ. “ತಗೋ. ಈ ಇಲಾಖೆಯಲ್ಲಿ ನಿನಗೆ ಒಳ್ಳೆಯ ಭವಿಷ್ಯವಿತ್ತು,” ಎಂದ. ಆತನ ದನಿಯಲ್ಲಿ ಮರುಕವಿತ್ತು. ಮನಿಷಾ ಕಿಟಕಿಯ ಗಾಜು ಪೂರ್ತಿ ಇಳಿಸಿ ಮುಖ ಹೊರಗಿಟ್ಟಳು.

ಖುಲಾಸಾ ಎರಡೇ ದಿನದಲ್ಲಿ ಪ್ರಕಟವಾಯಿತು. ‘ಕನ್ನಡ ಭಾಷೆಯ ಅಪೂರ್ಣ ಜ್ಞಾನವಿರುವ ಕಿರಿಯ ನೌಕರರೊಬ್ಬರ ಅನುವಾದದ ದೋಷದಿಂದ ತಪ್ಪು ತಿಳಿವಳಿಕೆ ಉಂಟಾಗಿದೆ’ ಎಂದಿತ್ತು. ಅದೇ ಮಾತಿನ ಮೆಮೊ ಮನಿಷಾಳ ಮೇಜಿಗೂ ಬಂತು. ಹುಟ್ಟಿದಾಗಿನಿಂದ ಆಡಿದ ಮಾತು ಆಕೆಗೆ ಬರುವುದಿಲ್ಲ ಎಂದು ಸರ್ಕಾರ ಸಹಿ ಮಾಡಿ ಹೇಳಿತ್ತು. ಒಪ್ಪಿಕೊಂಡರೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆಂದು ಸಹೋದ್ಯೋಗಿಗಳು ಹೇಳಿದರು. ನೀನೂ ನಮ್ಮಂತೆಯೇ ಎಂಬಂತೆ ಅವರ ದನಿಯಲ್ಲಿದ್ದ ಸಲಿಗೆ ಆಕೆಗೆ ಹೇಸಿಗೆ ತಂದಿತು.

ಆಕೆ ಒಂದೇ ಪುಟದ ಉತ್ತರ ಬರೆದಳು. ನನಗೆ ಕನ್ನಡ ಚೆನ್ನಾಗಿ ಬರುತ್ತದೆ, ಮಲಕಮ್ಮ ಹೇಳಿದ್ದು ಪೂರ್ತಿ ತಿಳಿದಿತ್ತು, ತಿಳಿದೇ ಸುಳ್ಳು ಹೇಳಿದೆ, ವಾಕ್ಯಗಳನ್ನು ಬರೆದುಕೊಟ್ಟವರು ನಿಲೇಶ ಸಾಹೇಬರು. ಅದರ ಪ್ರತಿಯನ್ನು ಪತ್ರಿಕೆಗೂ ಕಳಿಸಿದಳು. ಪತ್ರಿಕೆಯವರಿಗೆ ಅಷ್ಟರಲ್ಲಿ ಅದು ಹಳೆಯ ವಿಷಯ. ಕಚೇರಿಯಲ್ಲಿ ‘ಮುಟ್ಟಿದೆ’ ಎಂಬ ಸಿಕ್ಕಾ ಒತ್ತಿ ಫೈಲಿಗೆ ಹಾಕಿದರು. ವಾರದ ನಂತರ ಆಕೆಯನ್ನು ಹಿಂದಿನ ಕೋಣೆಗೆ ಹಾಕಿ, ಪತ್ರಿಕೆಗಳ ತುಣುಕು ಕತ್ತರಿಸಿ ಅಂಟಿಸುವ ಕೆಲಸ ಕೊಟ್ಟರು.

ಜೂನಿನಲ್ಲಿ ಒಂದು ಮಿಷಿನ್ ವಸ್ತಿಗೆ ಹೋಯಿತು. ಹನ್ನೆರಡಲ್ಲ, ಒಂದೇ. ಅದನ್ನು ಮುಟ್ಟಿಸಿ ಬಂದ ಅಂಬಾದಾಸ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ: “ಮಲಕಮ್ಮ ತಗೊಂಡಾಳ. ಖರೆ ಬಾಯಿ ಬಿಟ್ಟಿಲ್ಲ. ಸಾಹೇಬರು ಮೈಕ ಹಿಡದ್ರು, ಸುಮ್ಮನ ನಿಂತಳು. ಕಡೀಕ ವಿಡಿಯೊಕ್ಕ ಬರೇ ಹಾಡು ಹಾಕ್ಯಾರ. ಉಳದ ಹನ್ನೊಂದು ಮಂದಿ ಬಾಗಲದಾಗಽ ನಿಂತಿದ್ರು, ಒಬ್ಬಾಕೀನೂ ಹತ್ತರ ಬರಲಿಲ್ಲ.” ಮಿಷಿನ್ ಕೊಟ್ಟ ಫೋಟೊ ಬಂದ ಪತ್ರಿಕೆಯ ತುಣುಕನ್ನು ಮನಿಷಾಳೇ ಕತ್ತರಿಸಿ ಅಂಟಿಸಿದಳು.

ಮನೆಯಲ್ಲಿ ಸಾತಪ್ಪನಿಗೆ ಎಲ್ಲವನ್ನೂ ಹೇಳಿದ್ದಳು. ಅವನು ಕೇಳಿ, “ಮೊದಲಽ ಹೇಳಬೇಕಿತ್ತು,” ಎಂದಷ್ಟೇ ಅಂದಿದ್ದ. ಈಗ ಜೊತೆಗೆ ಕೂತು ಉಣ್ಣುತ್ತಿದ್ದರು, ಮಾತು ಕಡಿಮೆ.

ಜುಲೈನ ಒಂದು ಸಂಜೆ ಎದುರು ಮನೆಯ ಶ್ರದ್ಧಾ ನೋಟುಬುಕ್ಕು ಹಿಡಿದು ಬಂದಳು. ಸೋಲಾಪುರದಲ್ಲಿ ಡಿಗ್ರಿ ಮುಗಿಸಿದವಳು. ಮನಿಷಾ ಬರೆದ ಪರೀಕ್ಷೆಯನ್ನೇ ಬರೆಯಬೇಕೆಂದಿದ್ದಳು.

“ಅಕ್ಕಾ, ಆ ನೌಕರಿ ಹ್ಯಾಂಗ ಐತ್ರಿ? ಗೈಡನ್ಸ್ ಕೊಡ್ರಿ.”

ಮನಿಷಾ ಹೇಳಿದಳು. ಟೆಂಪೊ, ಕಾಮಣ್ಣನ ಮಿಷಿನ್, ಆರು ಸಲ ಓದಿದ್ದು, ಹೆಬ್ಬೆಟ್ಟಿನ ಕಾಗದ, ಯಾವುದನ್ನೂ ಬಿಡಲಿಲ್ಲ. ಶ್ರದ್ಧಾ ಕಣ್ಣು ಕೀಳದೆ ಕೇಳಿದಳು. ಮುಗಿದ ಮೇಲೆ ಪೆನ್ನಿನ ಟೊಪ್ಪಿಗೆ ತೆಗೆದಳು.

“ಹಂಗಾರ ಇಂಟರ್‌ವ್ಯೂದಾಗ ಕನ್ನಡ ಬರತೈತಿ ಅಂತ ಹೇಳಿದ್ರ ಫಾಯದಾ ಆಗತೈತೇನ್ರಿ, ಅಕ್ಕಾ?”

ಮನಿಷಾ ಆ ಹುಡುಗಿಯ ಮುಖ ನೋಡಿದಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

“ಆಗತೈತಿ,” ಎಂದಳು. ಶ್ರದ್ಧಾ ಅದನ್ನು ಬರೆದುಕೊಂಡಳು.